ಬಿ.ಎಚ್. ರಸ್ತೆಯ ಆ ತುದಿಯ ಮೀನುಗಳು: ಅಳಿವೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ದಿನಾ ಓಡಾಡುವವರನ್ನೇ ನಿಲ್ಲಿಸಿ ಆ ‘ಎಚ್’ ಏನು ಅಂತ ಕೇಳಿ. ಸುಮಾರು ಜನ ತಲೆ ಕೆರೆದುಕೊಳ್ಳುತ್ತಾರೆ. ಅದು ಹೊನ್ನಾವರ. ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ, ಗೇರುಸೊಪ್ಪೆ ಘಾಟಿ ಇಳಿದರೆ ಶರಾವತಿ ಸಮುದ್ರ ಸೇರುವ ಊರು. ಆ ತುದಿಗೆ ನಾನು ವರ್ಷಕ್ಕೆ ಮೂರು ನಾಲ್ಕು ಸಲ ಹೋಗುತ್ತೇನೆ. ಇಲ್ಲಿನ ಡಿಗ್ರಿ ಹುಡುಗ ಹುಡುಗಿಯರು ಜೊತೆಗಿರುತ್ತಾರೆ. ಕೆಲಸ ಚಿಕ್ಕ ಮೀನು ಎಣಿಸುವುದು. ವಾಪಸ್ ಬಂದ ಮೇಲೆ ಮಕ್ಕಳ ಮನೆಯವರು, ನನ್ನ ಪಕ್ಕದ ಮನೆಯವರು, ಮೀನಂಗಡಿಯವರು ಎಲ್ಲ ಕೇಳುವುದು ಹೆಚ್ಚು ಕಡಿಮೆ ಅವೇ ಪ್ರಶ್ನೆ. ಒಂದು ಕಡೆ ಬರೆದಿಟ್ಟರೆ ನನ್ನ ಗಂಟಲಾದರೂ ಉಳಿದೀತು.

ಅಳಿವೆ ಅಂದರೆ ಹಿನ್ನೀರಾ?

ಅಲ್ಲ. ನಮ್ಮ ಕಡೆ ಹಿನ್ನೀರು ಅಂದ ಕೂಡಲೇ ಮಾರ್ಕೋನಹಳ್ಳಿಯಂಥದ್ದು ಕಣ್ಣಿಗೆ ಬರುತ್ತದೆ. ಕಟ್ಟೆ ಕಟ್ಟಿದ್ದಾರೆ, ನೀರು ಅದರ ಹಿಂದೆ ನಿಂತಿದೆ. ಅಳಿವೆ ಅಂದರೆ ನದಿ ಸಮುದ್ರಕ್ಕೆ ಬಾಯಿ ತೆರೆಯುವ ಜಾಗ. ನದಿ ಹೊರಗೆ ನೂಕುತ್ತದೆ, ಸಮುದ್ರ ಒಳಗೆ ನೂಕುತ್ತದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಜೋರು, ಅಷ್ಟಮಿ ಹೊತ್ತಿಗೆ ಸಪ್ಪೆ. ಉಬ್ಬರ ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಈ ಸೋಮವಾರ ಬೆಳಿಗ್ಗೆ ಎಂಟಕ್ಕೆ ಎದೆಮಟ್ಟ ನೀರಿದ್ದ ಕಡೆ ಮುಂದಿನ ಸೋಮವಾರ ಎಂಟಕ್ಕೆ ಹೋದರೆ ಬರೀ ಕೆಸರು ಸಿಗಬಹುದು. ಅಲ್ಲಿಗೆ ಹೋಗುವವರು ಗಡಿಯಾರದ ಜೊತೆ ಪಂಚಾಂಗವನ್ನೂ ನೋಡಬೇಕು.

ನೀರು ಪೂರ್ತಿ ಉಪ್ಪಾ, ಅರ್ಧ ಉಪ್ಪಾ?

ಎಲ್ಲಿ ನಿಂತು ಕೇಳುತ್ತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಅಂದರೆ ದೊಡ್ಡ ಚಮಚದಲ್ಲಿ ಎರಡು. ಅಳಿವೆ ಬಾಯಿಂದ ನದಿಯ ಮೇಲ್ಭಾಗಕ್ಕೆ ಹೋದ ಹಾಗೆ ಅದು ಇಳಿಯುತ್ತದೆ. ಅಷ್ಟೇ ಅಲ್ಲ, ಒಂದೇ ಜಾಗದಲ್ಲಿ ಮೇಲೊಂದು ಕೆಳಗೊಂದು. ಉಪ್ಪು ನೀರು ಭಾರ, ಅದು ತಳದಲ್ಲಿ ನುಸುಳಿಕೊಂಡು ಒಳಗೆ ಬರುತ್ತದೆ. ಸಿಹಿನೀರು ಅದರ ಬೆನ್ನ ಮೇಲೆ ಜಾರಿಕೊಂಡು ಹೊರಗೆ ಹೋಗುತ್ತದೆ.

ಇದನ್ನು ತೋರಿಸಲು ನನ್ನ ಹತ್ತಿರ ಒಂದು ಹಳೇ ಗಾಜಿನ ಬಾಟಲಿ ಇದೆ. ಅದಕ್ಕೊಂದು ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿ, ದೋಣಿಯಿಂದ ತಳಕ್ಕೆ ಇಳಿಸುತ್ತೇವೆ. ದಾರ ಜಗ್ಗಿದರೆ ಬಿರಡೆ ಕಿತ್ತು ಬರುತ್ತದೆ, ಮೇಲೆ ಗುಳುಗುಳು ಗುಳ್ಳೆ. ಒಂದು ಡಿಸೆಂಬರಿನಲ್ಲಿ ಗುಬ್ಬಿ ಕಡೆಯ ಒಬ್ಬ ಹುಡುಗಿ ಮೇಲಿನ ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಟಳು. ‘ಸಪ್ಪೆ ಸಾರ್’ ಅಂದಳು. ಆಮೇಲೆ ಬಾಟಲಿ ನೀರು ಮುಟ್ಟಿ ನೋಡಿ ಥೂ ಅಂತ ಉಗಿದಳು. ಎರಡಕ್ಕೂ ನಡುವೆ ಇದ್ದದ್ದು ಎರಡಾಳು ಆಳ. ಅಳತೆಗೆ ರಿಫ್ರಾಕ್ಟೋಮೀಟರ್ ಅನ್ನುವ ಪುಟ್ಟ ಉಪಕರಣ ಇದೆ. ಒಂದು ಹನಿ ಹಾಕಿ ಬೆಳಕಿಗೆ ಹಿಡಿದು ನೋಡಿದರೆ ಉಪ್ಪೆಷ್ಟು ಅಂತ ಗೆರೆ ಕಾಣುತ್ತದೆ. ಆದರೆ ಆ ‘ಥೂ’ ಯಾರಿಗೂ ಮರೆಯುವುದಿಲ್ಲ.

ಉಪ್ಪಿನ ವ್ಯತ್ಯಾಸದಿಂದ ಮೀನಿಗೆ ಏನಾಗುತ್ತದೆ?

ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಿಗ್ಗೆ ಹೊತ್ತಿಗೆ ನೀರು ಬಿಟ್ಟುಕೊಂಡಿರುತ್ತದೆ ಅಲ್ವಾ? ಕೆರೆ ಮೀನನ್ನು ಸಮುದ್ರಕ್ಕೆ ಬಿಟ್ಟರೆ ಹಾಗೇ ಅದರ ಮೈಯ ನೀರು ಹೊರಗೆ ಹೋಗುತ್ತದೆ. ಸಮುದ್ರದ ಮೀನನ್ನು ಕೆರೆಗೆ ಬಿಟ್ಟರೆ ನೀರು ಮೈಯೊಳಗೆ ನುಗ್ಗುತ್ತದೆ. ಸಮುದ್ರದ ಮೀನು ಉಪ್ಪುನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರಿನಿಂದ ಹೊರಗೆ ಹಾಕುತ್ತದೆ. ಸಿಹಿನೀರಿನ ಮೀನು ನೀರು ಕುಡಿಯುವುದೇ ಕಡಿಮೆ, ತೆಳ್ಳನೆಯ ಮೂತ್ರ ಮಾತ್ರ ಜಾಸ್ತಿ. ಎರಡೂ ಕಡೆ ಬಾಳಬಲ್ಲ ಮೀನು ಈ ಎರಡೂ ಕೆಲಸ ಕಲಿತಿರಬೇಕು. ಅದಕ್ಕೆ ಶಕ್ತಿ ಖರ್ಚಾಗುತ್ತದೆ. ಹಾಗಾಗಿ ಬಹಳಷ್ಟು ಮೀನು ಸುಮ್ನೆ ತನಗೆ ಹೊಂದುವ ನೀರಿನ ಹಿಂದೆ ಹೋಗುತ್ತದೆ. ಉಪ್ಪಿನ ಗೆರೆ ಸರಿದ ಹಾಗೆ ಮೀನಿನ ಗುಂಪೂ ಸರಿಯುತ್ತದೆ.

ಯಾವ ಮೀನು ಎಲ್ಲಿ ಸಿಗುತ್ತದೆ?

ಮೊದಲು ಕಾಲಿನ ಕೆಳಗೆ ಏನಿದೆ ನೋಡಿ. ಮರಳಿದ್ದರೆ ಕಾಣೆ. ಮಂಗಳೂರು ಕಡೆಯ ಹೋಟೆಲಿನಲ್ಲಿ ರವೆ ಹಚ್ಚಿ ಕರಿದು ಕೊಡುತ್ತಾರಲ್ಲ, ಅದೇ. ಉತ್ತರ ಕನ್ನಡದಲ್ಲಿ ನೊಗ್ಲಿ ಅನ್ನುತ್ತಾರೆ. ದೊಡ್ಡದು ಸಮುದ್ರದ ದಡದಲ್ಲಿ ಜಾಸ್ತಿ, ಬೆರಳುದ್ದದ ಮರಿಗಳು ಅಳಿವೆಯ ಮೊಣಕಾಲುದ್ದ ನೀರಿನಲ್ಲಿ. ಬಲೆ ಹತ್ತಿರ ಬಂದರೆ ಮರಳಿನೊಳಗೆ ಹೂತುಕೊಂಡುಬಿಡುತ್ತದೆ. ಬಲೆ ಮೇಲಿಂದ ಹಾದುಹೋಗುತ್ತದೆ, ನಾವು ‘ಇಲ್ಲಿ ಕಾಣೆ ಇಲ್ಲ’ ಅಂತ ಬರೆದುಕೊಳ್ಳುತ್ತೇವೆ. ಹೆಸರಿಗೆ ತಕ್ಕ ಮೀನು.

ಕೆಸರಿಗೆ ಬೇರೆಯೇ ಜನ. ಕೆಸರಿನ ಮೇಲಿನ ಪಾಚಿ, ಕೊಳೆತ ಎಲೆಯ ಪುಡಿ ಬಾಚಿ ತಿನ್ನುವ ಮಲ್ಲೆಟ್ ಮೀನಿನ ಮರಿಗಳು ಗುಂಪು ಗುಂಪಾಗಿ ಓಡಾಡುತ್ತವೆ. ಇಳಿತದಲ್ಲಿ ಕೆಸರು ತೆರೆದುಕೊಂಡರೆ ಮಡ್‌ಸ್ಕಿಪ್ಪರ್ ಅನ್ನುವ ಮೀನು ಕುಪ್ಪಳಿಸುತ್ತದೆ. ಕಣ್ಣು ತಲೆಯ ಮೇಲೆ, ಈಜುರೆಕ್ಕೆಯೇ ಕೈ, ಮೈ ಒದ್ದೆಯಿರುವ ತನಕ ಚರ್ಮದಲ್ಲೂ ಉಸಿರು. ನಮ್ಮ ಹುಡುಗರು ಮೊದಲ ಸಲ ಕಪ್ಪೆ ಅಂದುಕೊಳ್ಳುತ್ತಾರೆ. ನಾನು ಬೇಕಂತಲೇ ಐದು ನಿಮಿಷ ತಿದ್ದುವುದಿಲ್ಲ.

ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ನಡುವೆ ಇನ್ನೊಂದು ಲೋಕ. ಬೇರುಗಳು ಬಲೆ ಹೆಣೆದ ಹಾಗಿರುವುದರಿಂದ ದೊಡ್ಡ ಮೀನು ಒಳಗೆ ನುಗ್ಗಲಾರದು. ಮರಿಗಳಿಗೆ ಅದೇ ಬಾಣಂತಿಕೋಣೆ, ಅದೇ ಅಂಗನವಾಡಿ. ಗಾಜಿನಂತೆ ಮೈಯೊಳಗಿನ ಮುಳ್ಳೆಲ್ಲ ಕಾಣುವ ಅಂಬಾಸಿಸ್ ಅನ್ನುವ ಪುಟ್ಟ ಮೀನು ಇಲ್ಲಿ ಜಾಸ್ತಿ. ಸಿಗಡಿ ಮರಿಯೂ ಹೌದು. ಸಿಗಡಿ ಮೊಟ್ಟೆಯಿಡುವುದು ಸಮುದ್ರದಲ್ಲಿ, ಮರಿ ಒಳಗೆ ಬಂದು ಕೆಲವು ತಿಂಗಳು ತಿಂದು ದಪ್ಪಗಾಗಿ ಮತ್ತೆ ಹೊರಗೆ ಹೋಗುತ್ತದೆ. ಕಾಂಡ್ಲಾ ನೋಡಬೇಕೆಂದರೆ ಹೊನ್ನಾವರದಲ್ಲಿ ಕಾಡಿನೊಳಗೇ ಮರದ ಹಲಗೆಯ ದಾರಿ ಮಾಡಿದ್ದಾರೆ. ಇಳಿತದ ಹೊತ್ತಿಗೆ ಹೋಗಿ. ಉಬ್ಬರದಲ್ಲಿ ಬರೀ ಎಲೆ ಕಾಣುತ್ತದೆ.

ಕಲ್ಲು, ಹಳೇ ಕಂಬ, ದಕ್ಕೆಯ ಗೋಡೆ ಇರುವಲ್ಲಿ ಕೇರಳದವರು ಕರಿಮೀನು ಅನ್ನುವುದು ಸಿಗುತ್ತದೆ. ಅದು ಗಟ್ಟಿ ಜಾಗಕ್ಕೆ ಮೊಟ್ಟೆ ಅಂಟಿಸಿ, ಗಂಡು ಹೆಣ್ಣು ಎರಡೂ ಸೇರಿ ಕಾಯುತ್ತವೆ. ಇನ್ನೂ ಮೇಲೆ, ನೀರು ಪೂರ್ತಿ ಸಿಹಿಯಾಗುವ ಕಡೆ, ದಡದ ಹುಲ್ಲಿನ ಸಂದಿಯಲ್ಲಿ ತಲೆ ಮೇಲೆ ಬೆಳ್ಳಿ ಚುಕ್ಕೆಯ ಪುಟ್ಟ ಮೀನು ಕಾಣುತ್ತದೆ. ಅದನ್ನು ನಮ್ಮೂರಿನ ಮಕ್ಕಳು ಕೂಡಲೇ ಗುರುತಿಸುತ್ತಾರೆ. ಅದರ ನೆಂಟರು ನಮ್ಮ ಬಾವಿ, ಕಲ್ಯಾಣಿಗಳಲ್ಲೂ ಸೊಳ್ಳೆ ಮರಿ ತಿಂದುಕೊಂಡು ಇದ್ದಾರೆ.

ಮಳೆಗಾಲದಲ್ಲಿ ಮೀನು ಜಾಸ್ತಿ ಇರಬೇಕಲ್ಲ?

ಇದು ಬಯಲುಸೀಮೆಯವರ ಲೆಕ್ಕ. ನಮಗೆ ಮಳೆ ಅಂದರೆ ಕೆರೆ, ಕೆರೆ ಅಂದರೆ ಮೀನು. ಅಲ್ಲಿ ಉಲ್ಟಾ.

ನಮ್ಮ ಜಿಲ್ಲೆಗೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಅದೂ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಜೋರು. ಹೊನ್ನಾವರ ಕಡೆ 3000 ಮಿಲಿಮೀಟರ್ ದಾಟುತ್ತದೆ, ಬಹುಪಾಲು ಜೂನ್, ಜುಲೈ, ಆಗಸ್ಟ್ ಮೂರೇ ತಿಂಗಳಲ್ಲಿ. ಘಟ್ಟದ ಮಣ್ಣು ಕಲಸಿಕೊಂಡ ಕೆಂಪು ನೀರು ಇಳಿದು ಬರುತ್ತದೆ. ಅಳಿವೆಯ ಬಾಯಲ್ಲೂ ಉಪ್ಪು ಹೆಚ್ಚುಕಡಿಮೆ ಸೊನ್ನೆಗೆ ಬರುವ ದಿನಗಳಿರುತ್ತವೆ. ಉಪ್ಪು ಬೇಕಾದ ಮೀನು ಸಮುದ್ರಕ್ಕೆ ಹೋಗುತ್ತದೆ. ಮೇಲಿನ ಸಿಹಿನೀರಿನ ಮೀನು ಪ್ರವಾಹದ ಜೊತೆ ಕೆಳಗೆ ಬರುತ್ತದೆ. ಕರಿಮೀನಿನಂಥ ಗಟ್ಟಿ ಜೀವ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಒಟ್ಟಿನಲ್ಲಿ ಜಾತಿಗಳ ಲೆಕ್ಕ ಕುಗ್ಗುವ ಕಾಲ ಅದು.

ಸೆಪ್ಟೆಂಬರ್ ದಾಟಿದ ಮೇಲೆ ನೀರು ತಿಳಿಯಾಗುತ್ತದೆ, ಸಮುದ್ರ ಮೆಲ್ಲಗೆ ಒಳಗೆ ಕೈ ಚಾಚುತ್ತದೆ. ಎಷ್ಟೋ ಜಾತಿಯ ಮೀನು ಮಳೆಗಾಲದ ಆಚೀಚೆ ಸಮುದ್ರದಲ್ಲಿ ಮೊಟ್ಟೆ ಇಟ್ಟಿರುತ್ತವೆ. ಆ ಮರಿಗಳು ಉಬ್ಬರದ ಜೊತೆ ಒಳಗೆ ಬರುತ್ತವೆ. ಮಳೆ ತಂದ ಗೊಬ್ಬರದಿಂದ ಊಟವೂ ಸಮೃದ್ಧಿ. ನವೆಂಬರಿನಿಂದ ಜನವರಿವರೆಗೆ ಒಂದೇ ಬಲೆಯಲ್ಲಿ ಬೀಳುವಷ್ಟು ಬಗೆ ಬೇರೆ ಕಾಲದಲ್ಲಿ ನಾನು ಕಂಡಿಲ್ಲ. ಅಣೆಕಟ್ಟಿಲ್ಲದ ನದಿಯಾದರೆ ಫೆಬ್ರವರಿಯಿಂದ ಮೇ ತನಕ ಸೊರಗುತ್ತದೆ, ಉಪ್ಪು ಬಹಳ ಮೇಲಕ್ಕೆ ಏರುತ್ತದೆ, ಸಮುದ್ರದ ಮೀನೂ ಅದರ ಜೊತೆ. ಬಾಯಿ ಹತ್ತಿರ ಇರುತ್ತಿದ್ದ ಜಾತಿ ಆಗ ಹಳ್ಳಿಯೊಳಗಿನ ಸೇತುವೆ ಕೆಳಗೆ ಸಿಕ್ಕರೆ ಆಶ್ಚರ್ಯ ಬೇಡ.

ಒಂದು ವರ್ಷ ರಜೆಗೆ ಹೊಂದುತ್ತದೆ ಅಂತ ಜುಲೈನಲ್ಲಿ ಹೋಗಿದ್ದೆವು. ಎರಡು ದಿನ ಬಲೆ ಎಳೆದು ಸಿಕ್ಕಿದ್ದು ತೇಗದ ಎಲೆ, ಒಂದು ಚಪ್ಪಲಿ, ಐದಾರು ಮೀನು. ಚಪ್ಪಲಿ ನಮ್ಮದೇ ಗುಂಪಿನವನದು.

ಶರಾವತಿಗೂ ಅಘನಾಶಿನಿಗೂ ಅಷ್ಟು ವ್ಯತ್ಯಾಸ ಇದೆಯಾ?

ನನ್ನ ಮಟ್ಟಿಗೆ ಅಲ್ಲಿ ಹೋಗಿ ಕಲಿಯಬೇಕಾದ ದೊಡ್ಡ ಪಾಠ ಇದೇ. ಅಘನಾಶಿನಿ ನದಿಯ ಅಳಿವೆ ಕುಮಟಾ ಕಡೆ, ಹೊನ್ನಾವರದಿಂದ ಬಸ್ಸಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಎರಡು ಅಳಿವೆಗಳಿಗೂ ಅದೇ ಸಮುದ್ರ, ಅದೇ ಮಳೆ. ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ಎರಡೂ ಕಡೆ ನೀರಿನ ರುಚಿಯೇ ಬೇರೆ.

ಶರಾವತಿಗೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ಆಯಿತು. ಮಳೆಗಾಲದ ನೀರನ್ನು ಅಲ್ಲಿ ಹಿಡಿದಿಟ್ಟು ವರ್ಷವಿಡೀ ಕರೆಂಟಿಗಾಗಿ ಬಿಡುತ್ತಾರೆ. ಕೆಳಗೆ ಗೇರುಸೊಪ್ಪೆಯಲ್ಲೂ ಕಟ್ಟೆ ಇದೆ, ವಿದ್ಯುತ್ ಮನೆ ಇದೆ. ನಾವು ತುಮಕೂರಿನಲ್ಲಿ ಏಪ್ರಿಲ್ ಸೆಖೆಗೆ ಫ್ಯಾನ್ ಹಾಕಿದಾಗ ಅಲ್ಲಿ ಟರ್ಬೈನ್ ತಿರುಗುತ್ತದೆ, ಸಿಹಿನೀರು ಹೊನ್ನಾವರದ ಕಡೆ ಹರಿಯುತ್ತದೆ. ಬೇಸಿಗೆಯಲ್ಲಿ ಉಪ್ಪೇರಬೇಕಾದ ಅಳಿವೆ ಹಾಗೆ ಏರುವುದಿಲ್ಲ. ಉಪ್ಪು ಬೇಕಾದ ಮೀನು, ಬಳಚು ಅನ್ನುವ ಚಿಪ್ಪಿನ ಜೀವಿ ಇವಕ್ಕೆ ಜಾಗ ಕಿರಿದಾಗುತ್ತದೆ.

ಅಘನಾಶಿನಿ ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ದೊಡ್ಡ ಅಣೆಕಟ್ಟಿಲ್ಲದೆ ಸಮುದ್ರ ಸೇರುತ್ತದೆ. ಅಲ್ಲಿ ಉಪ್ಪು ಕಾಲಕ್ಕೆ ತಕ್ಕ ಹಾಗೆ ಏರಿ ಇಳಿಯುತ್ತದೆ. ಇಳಿತದ ಹೊತ್ತಿಗೆ ಗಂಡಸರು, ಹೆಂಗಸರು ಸೊಂಟದ ತನಕ ನೀರಿನಲ್ಲಿ ನಿಂತು ಬಳಚು ಎತ್ತುವುದನ್ನು ನೋಡಬಹುದು. ದಡದಲ್ಲಿ ಗಜನಿ ಅನ್ನುವ ಗದ್ದೆಗಳಿವೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಅನ್ನುವ, ಸ್ವಲ್ಪ ಉಪ್ಪು ತಡೆಯುವ ಭತ್ತ. ಕೊಯ್ಲಾದ ಮೇಲೆ ನಮ್ಮ ಕೆರೆ ತೂಬಿನಂಥ ಬಾಗಿಲು ತೆರೆದು ಉಬ್ಬರದ ನೀರು ಬಿಟ್ಟುಕೊಂಡರೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಒಂದೇ ಹೊಲ, ಎರಡು ಬೆಳೆ. ಎರಡನೆಯದಕ್ಕೆ ಬೀಜವನ್ನು ಸಮುದ್ರವೇ ತಂದು ಹಾಕುತ್ತದೆ. ಈ ಅಳಿವೆಗೆ 2024ರಲ್ಲಿ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು.

ಕರೆಂಟು ಬೇಡವಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಬೇಕು. ಆದರೆ ನದಿಯಲ್ಲಿ ನೀರು ಹರಿಯುತ್ತಿದೆ, ಇನ್ನೇನು ತೊಂದರೆ ಅಂತ ಮಾತ್ರ ಹೇಳಬೇಡಿ. ಬರಬಾರದ ಕಾಲದಲ್ಲಿ ಬಂದ ಸಿಹಿನೀರೂ ಅಳಿವೆಗೆ ತೊಂದರೆಯೇ.

ಮೀನು ಎಣಿಸುವುದು ಹೇಗೆ?

ಬೀಸುಬಲೆ ಒಂದು, ಇಬ್ಬರು ಎರಡು ತುದಿ ಹಿಡಿದು ದಡಕ್ಕೆ ಎಳೆಯುವ ಸಣ್ಣ ಕಣ್ಣಿನ ಬಲೆ ಒಂದು. ಪ್ರತಿ ಜಾಗದಲ್ಲೂ ಅಷ್ಟೇ ಸಲ, ಅಷ್ಟೇ ದೂರ ಎಳೆಯಬೇಕು. ಬಕೆಟ್ಟಿಗೆ ಹಾಕಿ, ಜಾತಿ ವಿಂಗಡಿಸಿ, ಉದ್ದ ಅಳೆದು, ಬಿಡುವುದು. ಕಾಂಡ್ಲಾ ಬೇರಿನೊಳಗೆ ಎರಡೂ ಬಲೆ ನಡೆಯುವುದಿಲ್ಲ. ಅದಕ್ಕೇ ಕಾಂಡ್ಲಾ ಮೀನಿನ ಲೆಕ್ಕ ಯಾವಾಗಲೂ ಇರುವುದಕ್ಕಿಂತ ಕಡಿಮೆ ಬರುತ್ತದೆ.

ನಾವು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಶುರುವಿನ ವರ್ಷ ನವೆಂಬರಿನಲ್ಲಿ ಒಂದು ಕಾಲುವೆಯಲ್ಲಿ ಬಲೆ ಎಳೆದೆವು. ಜನವರಿಯಲ್ಲಿ ಅದೇ ಜಾಗ, ಅದೇ ಬಲೆ, ಮೀನು ಮಾತ್ರ ಎಷ್ಟೋ ಪಾಲು ಜಾಸ್ತಿ. ವಾಹ್, ಮರಿಗಳು ಬಂದಿವೆ ಅಂತ ಚಾರ್ಟು ಕೂಡ ಬರೆದಾಯಿತು. ದಡದಲ್ಲಿ ಬಲೆ ಹೊಲಿಯುತ್ತಾ ಕೂತಿದ್ದ ಅಜ್ಜ ಒಬ್ಬರು ಕೇಳಿದರು, ‘ಹೋದ ಸಲ ಭರತದಲ್ಲಿ ಬಂದಿದ್ರಿ, ಈ ಸಲ ಇಳಿತ. ನೀರು ಕಮ್ಮಿಯಾದ್ರೆ ಮೀನು ಒತ್ತಿಕೊಳ್ಳೂದಿಲ್ವಾ?’ ಭರತ ಅಂದರೆ ಅವರ ಬಾಯಲ್ಲಿ ಉಬ್ಬರ. ಆಗ ಮೀನು ಅಂಚಿನ ಹುಲ್ಲು, ಬೇರು, ಗದ್ದೆ ತನಕ ಹರಡಿರುತ್ತದೆ. ಇಳಿತದಲ್ಲಿ ಅಷ್ಟೂ ಕಾಲುವೆಗೇ ಬಂದು ಸೇರುತ್ತದೆ. ಬೇಸಿಗೆಯಲ್ಲಿ ಕೆರೆ ಬತ್ತಿ ಮೀನೆಲ್ಲ ತೂಬಿನ ಗುಂಡಿಗೆ ಸೇರುವುದನ್ನು ಹುಟ್ಟಿದಾಗಿನಿಂದ ನೋಡಿದ ನಮಗೇ ಅದು ಹೊಳೆಯಲಿಲ್ಲ. ಚಾರ್ಟು ಹರಿದು ಹಾಕಿದೆವು. ಈಗ ಯಾವ ಕಾಲವಾದರೂ ಸರಿ, ಇಳಿತ ಶುರುವಾದ ಮೇಲೇ ಬಲೆ.

ನಮ್ಮ ಕೆರೆಯ ಮೀನಿಗೂ ಇದಕ್ಕೂ ಏನಾದರೂ ಹೋಲಿಕೆ ಇದೆಯಾ?

ಇದೆ, ಆದರೆ ಒಂದು ದೊಡ್ಡ ವ್ಯತ್ಯಾಸದ ಜೊತೆ. ನಮ್ಮ ಕೆರೆಯ ಮೀನು ಹೆಚ್ಚಾಗಿ ಬಿಟ್ಟದ್ದು, ಅಳಿವೆಯ ಮೀನು ಬಂದದ್ದು. ಕಾಟ್ಲಾ, ರೋಹು, ಮೃಗಾಲ ಮೂರೂ ಉತ್ತರದ ನದಿಗಳವು. ನಾವು ಜಿಲೇಬಿ ಅನ್ನುವ ತಿಲಾಪಿಯ ಆಫ್ರಿಕಾದ್ದು. ಕೆರೆ ಹರಾಜು ಹಿಡಿದವರು ಮರಿ ತಂದು ಬಿಡುತ್ತಾರೆ, ದೊಡ್ಡದಾದ ಮೇಲೆ ಹಿಡಿಯುತ್ತಾರೆ. ಅಲ್ಲಿ ಎಷ್ಟಿದೆ ಅನ್ನುವುದು ಎಷ್ಟು ಬಿಟ್ಟರು, ಎಷ್ಟು ತಿಂಗಳು ನೀರು ನಿಂತಿತು ಅನ್ನುವ ಲೆಕ್ಕ.

ಹಾಗಂತ ಬಂದ ಮೀನು ಇಲ್ಲವೇ ಇಲ್ಲ ಅಂತಲ್ಲ. 2021ರ ನವೆಂಬರಿನಲ್ಲಿ ನಮ್ಮ ಸುತ್ತಮುತ್ತ ಎಷ್ಟೊಂದು ಕೆರೆ ಕೋಡಿ ಬಿದ್ದವು, ನೆನಪಿದೆಯಲ್ಲ? ಕೋಡಿಯ ಕೆಳಗೆ ಜನ ಸೀರೆ, ಸೊಳ್ಳೆಪರದೆ, ಕೂಳಿ ಹಿಡಿದು ನಿಂತಿದ್ದರು. ಆ ಗಲಾಟೆಯಲ್ಲಿ ನಾನೂ ಬಗ್ಗಿ ನೋಡಿದೆ. ದೊಡ್ಡದಕ್ಕೆ ಎಲ್ಲರೂ ಮುಗಿಬೀಳುತ್ತಿದ್ದರು. ಸೀರೆಯ ಮಡಿಕೆಯಲ್ಲಿ ಉಳಿದ ಬೆರಳುದ್ದದ ಪಕ್ಕೆ, ಗಿರ್ಲು ಮೀನುಗಳನ್ನು ಕೇಳುವವರಿರಲಿಲ್ಲ. ಅವನ್ನು ಯಾರೂ ಬಿಟ್ಟಿರಲಿಲ್ಲ. ಹಳ್ಳದಿಂದ ಕೆರೆಗೆ, ಕೆರೆಯಿಂದ ಕೆಳಗಿನ ಕೆರೆಗೆ ತಾವೇ ದಾರಿ ಹುಡುಕಿಕೊಂಡು ಬಂದವು. ನಮ್ಮಲ್ಲಿ ಅಳಿವೆಗೆ ಹತ್ತಿರದ ಜಾಗ ಅಂದರೆ ಆ ಕೋಡಿ ಹಳ್ಳವೇ.

ತುಮಕೂರಿನ ಮಳೆನೀರು ಹೊನ್ನಾವರಕ್ಕೆ ಹೋಗುತ್ತದಾ?

ಇಲ್ಲ. ರಸ್ತೆ ಪಡುವಣಕ್ಕೆ ಹೋದರೂ ನೀರು ಮೂಡಣಕ್ಕೆ. ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ಕಾವೇರಿ ಸೇರುತ್ತದೆ, ಜಯಮಂಗಲಿ ಉತ್ತರ ಪಿನಾಕಿನಿ ಸೇರುತ್ತದೆ. ಎರಡೂ ಕೊನೆಗೆ ಬಂಗಾಳ ಕೊಲ್ಲಿಗೇ.

ಜೂನ್, ಜುಲೈನಲ್ಲಿ ಇಲ್ಲಿ ಸಿಗುವ ಸಮುದ್ರದ ಮೀನು ಎಲ್ಲಿಯದು?

ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ, 61 ದಿನ ರಜೆ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14. ಜೂನ್ ಕೊನೆಯಲ್ಲಿ ಇಲ್ಲಿ ತಾಜಾ ಬಂಗುಡೆ ಕಂಡರೆ ಅದು ಮೂಡಣ ಸಮುದ್ರದ್ದಿರಬಹುದು, ಇಲ್ಲವೇ ಐಸಿನಲ್ಲಿ ಮಲಗೆದ್ದದ್ದು. ಕಿವಿರು ಎತ್ತಿ ನೋಡಿ. ಕೆಂಪಗಿದ್ದರೆ ತೊಗೊಳ್ಳಿ, ಕಂದು ತಿರುಗಿದ್ದರೆ ಆ ದಿನ ಕೋಳಿ ಮಾಡಿ.

ಒಟ್ಟಿನಲ್ಲಿ ಚಿಕ್ಕ ಮೀನು ಕಡಿಮೆ ಆಗಿದೆಯೋ ಇಲ್ಲವೋ?

ಒಂದೇ ಮಾತಿನಲ್ಲಿ ಹೇಳಿ ಅಂತ ಒತ್ತಾಯ ಮಾಡುತ್ತಾರೆ. ನಾನು ವಾಪಸ್ ಕೇಳುತ್ತೇನೆ: ಯಾವ ಜಾತಿ, ಮರಳಿನಲ್ಲೋ ಕೆಸರಿನಲ್ಲೋ, ಯಾವ ತಿಂಗಳು, ಉಬ್ಬರವೋ ಇಳಿತವೋ? ಈ ನಾಲ್ಕು ಹೇಳದೆ ‘ಮೀನು ಮುಗೀತು’ ಅನ್ನುವವರನ್ನೂ ‘ಏನೂ ಆಗಿಲ್ಲ’ ಅನ್ನುವವರನ್ನೂ ನಾನು ನಂಬುವುದಿಲ್ಲ. ಮರಳು ತೆಗೆದ ಕಡೆ ಕಾಣೆಗೆ ಹೂತುಕೊಳ್ಳಲು ನೆಲವಿಲ್ಲ. ಕಾಂಡ್ಲಾ ಕಡಿದ ಕಡೆ ಮರಿಗೆ ಮರೆಯಿಲ್ಲ. ಕಣ್ಣು ತೀರಾ ಸಣ್ಣ ಬಲೆ ಮರಿಯನ್ನೂ ಬಿಡುವುದಿಲ್ಲ. ಇವು ಖಚಿತ. ಉಳಿದದ್ದಕ್ಕೆ ಒಂದೇ ಜಾಗದಲ್ಲಿ ಹತ್ತಾರು ವರ್ಷ ಪ್ರತಿ ತಿಂಗಳೂ ಬಲೆ ಎಳೆಯುವವರು ಬೇಕು. ವರ್ಷಕ್ಕೆ ನಾಲ್ಕು ಸಲ ಹೋಗಿಬರುವ ನಮ್ಮಂಥವರ ಪುಸ್ತಕ ಸಾಲದು.

ನಾವೂ ಬರಬಹುದಾ? ಯಾವಾಗ?

ಡಿಸೆಂಬರ್ ಒಳ್ಳೆಯದು. ಬೇಸಿಗೆ ನೋಡಬೇಕೆಂದರೆ ಮಾರ್ಚ್ ಇನ್ನೊಂದು ಸಲ. ಒಂದೇ ಸಲ ಬಂದರೆ ಅರ್ಧ ಕಥೆ. ಹಳೇ ಬಟ್ಟೆ, ಹಿಂದೆ ಪಟ್ಟಿ ಇರುವ ಚಪ್ಪಲಿ ತನ್ನಿ. ಹವಾಯಿ ಚಪ್ಪಲಿ ಕೆಸರಿಗೆ ಕಾಣಿಕೆ. ಈಜು ಬಾರದವರು ಮೊಣಕಾಲಿನ ತನಕ ಮಾತ್ರ, ಇದರಲ್ಲಿ ಚರ್ಚೆ ಇಲ್ಲ.

ಸಸ್ಯಾಹಾರಿಗಳು?

ಧಾರಾಳವಾಗಿ ಬನ್ನಿ. ನಾವು ಎಣಿಸಿದ ಮೀನನ್ನು ತಿನ್ನುವುದಿಲ್ಲ, ನೀರಿಗೇ ಬಿಡುತ್ತೇವೆ. ಹೋದ ಸಲ ಬುಕ್ಕಿನಲ್ಲಿ ಅತಿ ಚೆನ್ನಾಗಿ ಲೆಕ್ಕ ಬರೆದವನು ಮೀನು ಮುಟ್ಟದ ಮನೆಯ ಹುಡುಗ. ಉಳಿದವರೆಲ್ಲ ಮೀನು ನೋಡಿದ ಕೂಡಲೇ ಮಸಾಲೆ ಮಾತಾಡುತ್ತಿದ್ದರು.